ಮಲೆನಾಡಿನ ಮನೆಗೆ ವಾಷಿಂಗ್ ಮಷಿನ್: ತಿರುಗಿಸುವ ಗುಂಡಿ ಸಾಕೇ, ವೈಫೈ ಬೇಕೇ?

ಅಬ್ಬಿನೀರು:

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಈಗ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ಅಲ್ಲಿರುವ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್ ಹಳೆಯದಾಗಿದೆ. ತಳ ತುಕ್ಕು ಹಿಡಿದಿದೆ, ಸ್ಪಿನ್ ಮಾಡುವಾಗ ಬಚ್ಚಲುಮನೆಯೇ ನಡುಗುತ್ತದೆ. ಹೊಸದು ಕೊಡಿಸಬೇಕು. ವೈಫೈ ಇರುವ ಮಾದರಿಯೇ ಇರಲಿ, ಏನಾದರೂ ತೊಂದರೆಯಾದರೆ ಬೆಂಗಳೂರಿನಲ್ಲಿ ಕುಳಿತೇ ಮೊಬೈಲಿನಲ್ಲಿ ನೋಡಬಹುದು ಎಂಬುದು ತಮ್ಮನ ವಾದ. ಅಪ್ಪನಿಗೆ ಈಗಿರುವಂಥದ್ದೇ, ಎರಡು ಗುಂಡಿ ತಿರುಗಿಸಿದರೆ ಮುಗಿಯುವಂಥದ್ದು ಬೇಕು. ಅಮ್ಮನನ್ನು ಕೇಳಿದರೆ ನಿಮಗೆ ಸರಿ ಕಂಡದ್ದನ್ನು ತನ್ನಿ ಎನ್ನುತ್ತಾಳೆ.

ಅಲ್ಲಿನ ಪರಿಸ್ಥಿತಿ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಹಲವು ಬಾರಿ ಹೋಗಿ ಬರುತ್ತದೆ, ಸಿಡಿಲೂ ಹೆಚ್ಚು. ನೀರು ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ, ಪಂಪ್ ಇಲ್ಲ. ಮೊಬೈಲ್ ಸಿಗ್ನಲ್ ಬೇಕೆಂದರೆ ಅಂಗಳದ ತುದಿಗೆ ಹೋಗಬೇಕು. ಕಂಪನಿಯ ಸರ್ವಿಸ್‌ನವರು ಶಿವಮೊಗ್ಗದಿಂದ ಬರಬೇಕು. ಇಂಥ ಮಾದರಿ ತೆಗೆದುಕೊಳ್ಳಿ ಎಂಬುದಕ್ಕಿಂತ, ಹೇಗೆ ಯೋಚಿಸಿ ಆರಿಸಬೇಕು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಸ್ಕ್ರೂಡ್ರೈವರ್:

ದಾವಣಗೆರೆಯಲ್ಲಿ ಗೃಹೋಪಕರಣಗಳ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಅನುಭವದ ಮಾತು ಹೇಳುತ್ತೇನೆ. ಕೆಡದ ಯಂತ್ರ ಎಂಬುದು ಇಲ್ಲ. ಕೊಳ್ಳುವವರು ಕೇಳಬೇಕಾದದ್ದು, ಕೆಟ್ಟಾಗ ಮೊದಲು ಏನು ಕೆಡುತ್ತದೆ, ಅದನ್ನು ನಿಮ್ಮ ಊರಿನಲ್ಲಿ ಯಾರು ಬದಲಿಸಿಕೊಡುತ್ತಾರೆ ಎಂದು.

ಮಿಕ್ಸಿಯನ್ನೇ ನೋಡಿ. ಜಾರನ್ನು ಎತ್ತಿದರೆ ಮೋಟರಿನ ತುದಿಯಲ್ಲಿ ಹಲ್ಲು ಹಲ್ಲಾದ ಒಂದು ಕಪ್ಲರ್ ಕಾಣುತ್ತದೆ. ಅದು ಪ್ಲಾಸ್ಟಿಕ್ಕಿನದೋ ರಬ್ಬರಿನದೋ ಆಗಿರುತ್ತದೆ. ಕಬ್ಬಿಣದಲ್ಲಿ ಏಕೆ ಮಾಡುವುದಿಲ್ಲ ಎಂದು ಗಿರಾಕಿಗಳು ಕೇಳುತ್ತಾರೆ. ಒಣ ಅರಿಶಿನದ ಕೊಂಬಿಗೆ ಬ್ಲೇಡ್ ಸಿಕ್ಕಿ ನಿಂತಾಗ ಮೋಟರಿನ ಬಲವೆಲ್ಲ ಆ ಕಪ್ಲರಿನ ಮೇಲೆ ಬೀಳುತ್ತದೆ. ಅದರ ಹಲ್ಲು ಮುರಿಯುತ್ತದೆ, ಮೋಟರ್ ಉಳಿಯುತ್ತದೆ. ಹಲ್ಲು ಮುರಿಯದೆ ಮೋಟರ್ ಬಿಸಿಯಾಗತೊಡಗಿದರೆ ತಳದಲ್ಲಿರುವ ಕೆಂಪು ಗುಂಡಿ ಹೊರಗೆ ಜಿಗಿದು ಕರೆಂಟ್ ಕಡಿಯುತ್ತದೆ. ಆರಿದ ಮೇಲೆ ಒತ್ತಿದರೆ ಆಯಿತು. ಪ್ರೆಶರ್ ಕುಕ್ಕರ್ ಕೂಡ ಹೀಗೆಯೇ. ವೆಯ್ಟ್ ಕೂರುವ ರಂಧ್ರಕ್ಕೆ ಬೇಳೆ ಸಿಕ್ಕಿ ಆವಿ ಹೊರಗೆ ಹೋಗದಿದ್ದರೆ ಮುಚ್ಚಳದ ಸೇಫ್ಟಿ ವಾಲ್ವಿನೊಳಗಿನ ಮಿಶ್ರಲೋಹ ಕರಗಿ ದಾರಿ ಬಿಡುತ್ತದೆ. ಇವನ್ನು ರೂಪಿಸಿದವರು ಯಾವ ಭಾಗ ಮೊದಲು ಸೋಲಬೇಕು ಎಂದು ತೀರ್ಮಾನಿಸಿ, ಆ ಭಾಗವನ್ನು ಅಗ್ಗವಾಗಿಯೂ ಕೈಗೆ ಸಿಗುವ ಜಾಗದಲ್ಲಿಯೂ ಇಟ್ಟರು. ನನ್ನ ಮಟ್ಟಿಗೆ ಒಳ್ಳೆಯ ವಿನ್ಯಾಸ ಎಂದರೆ ಇದು.

ಸೆಮಿ ಆಟೋಮ್ಯಾಟಿಕ್ ಯಂತ್ರದಲ್ಲಿ ನಮ್ಮ ಬಳಿ ಬರುವ ದೂರುಗಳು ಬೆರಳೆಣಿಕೆಯವು. ಬೆಲ್ಟ್ ಸಡಿಲವಾಗಿರುತ್ತದೆ, ಮೋಟರ್ ಹೊರಡಲು ನೆರವಾಗುವ ಕೆಪಾಸಿಟರ್ ಹೋಗಿರುತ್ತದೆ, ಸ್ಪಿನ್ ಮೋಟರಿನ ಮೇಲಿನ ಸೀಲ್ ಹರಿದು ನೀರು ಸೋರಿರುತ್ತದೆ, ಮುಚ್ಚಳ ತೆರೆದಾಗ ಬ್ರೇಕ್ ಹಿಡಿಯುವ ತಂತಿ ಕಿತ್ತಿರುತ್ತದೆ, ಇಲ್ಲವೇ ಟೈಮರ್ ನಿಂತಿರುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಇವೆಲ್ಲ ಸಿಗುತ್ತವೆ.

ಪೂರ್ತಿ ಆಟೋಮ್ಯಾಟಿಕ್ ಯಂತ್ರದಲ್ಲಿ ನಮಗೆ ತಲೆನೋವು ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್. ಹೋದ ಕರೆಂಟ್ ಮರಳಿ ಬರುವ ಗಳಿಗೆಯ ಏರಿಳಿತ, ಸಿಡಿಲು, ಮಳೆಗಾಲದ ತೇವ, ಬಿಸುಪು ಹುಡುಕಿಕೊಂಡು ಒಳಗೆ ಸೇರುವ ಇರುವೆ, ಹಲ್ಲಿ, ತಳದಿಂದ ನುಗ್ಗಿ ವೈರ್ ಕಡಿಯುವ ಇಲಿ, ಎಲ್ಲವೂ ಅದಕ್ಕೆ ಶತ್ರುಗಳೇ. ಬೋರ್ಡಿನ ಮೇಲೂ ತಾನು ಸೋತು ಉಳಿದವರನ್ನು ಕಾಯುವ ಭಾಗವಿದೆ. ವೇರಿಸ್ಟರ್ ಎಂದು ಅದರ ಹೆಸರು. ವೋಲ್ಟೇಜ್ ಮಿತಿ ಮೀರಿದರೆ ಅದು ಕರೆಂಟನ್ನು ತನ್ನ ಮೂಲಕ ಹರಿಸಿಕೊಂಡು ಫ್ಯೂಸ್ ಹಾರಿಸಿ ತಾನು ಸುಟ್ಟುಹೋಗುತ್ತದೆ. ಕೆಲವೇ ರೂಪಾಯಿಯ ತುಣುಕು. ಆದರೆ ಹಲವು ಯಂತ್ರಗಳಲ್ಲಿ ತೇವ ತಾಗದಿರಲೆಂದು ಇಡೀ ಬೋರ್ಡಿನ ಮೇಲೆ ಅಂಟು ಸುರಿದು ಗಟ್ಟಿ ಮಾಡಿರುತ್ತಾರೆ. ತೇವ ತಡೆಯುವುದು ನಿಜ. ಆದರೆ ಸುಟ್ಟ ವೇರಿಸ್ಟರ್ ತಲುಪಲು ನನಗೆ ದಾರಿಯೇ ಇರುವುದಿಲ್ಲ. ಇಡೀ ಬೋರ್ಡ್ ತರಿಸಬೇಕು, ಆ ಮಾದರಿ ನಿಂತುಹೋಗಿದ್ದರೆ ಅದೂ ಸಿಗದು. ಡ್ರಮ್, ಮೋಟರ್, ಮೈ ಎಲ್ಲವೂ ಗಟ್ಟಿಮುಟ್ಟಾಗಿರುವ ಯಂತ್ರವನ್ನು ಗುಜರಿಗೆ ಕಳುಹಿಸುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಗ್ಗರಣೆ:

ಸ್ಕ್ರೂಡ್ರೈವರ್ ಅವರು ಹೇಳಿದ್ದೆಲ್ಲ ಯಂತ್ರದ ಕಡೆಯಿಂದ ಸರಿ. ಬಟ್ಟೆ ಒಗೆಯುವವರ ಕಡೆಯಿಂದ ನಾನು ಹೇಳುತ್ತೇನೆ. ಸರಳ ಯಂತ್ರ ಎನ್ನುತ್ತೀರಿ, ಯಾರಿಗೆ ಸರಳ? ಸೆಮಿ ಆಟೋಮ್ಯಾಟಿಕ್‌ನಲ್ಲಿ ನೀರು ತುಂಬಿಸಬೇಕು, ನಿಲ್ಲಿಸಬೇಕು, ಒಗೆದ ನೀರು ಬಿಡಬೇಕು, ನೀರು ಕುಡಿದು ಭಾರವಾದ ಹೊದಿಕೆಯನ್ನು ಬಗ್ಗಿ ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು, ಅದು ಒಂದೇ ಕಡೆಗೆ ವಾಲದಂತೆ ಒತ್ತಿ ಕೂರಿಸಬೇಕು, ಜಾಲಿಸಲು ಮತ್ತೆ ಮೊದಲಿನಿಂದ. ಆ ಯಂತ್ರದಲ್ಲಿ ಬೋರ್ಡ್ ಮಾಡುವ ಕೆಲಸವನ್ನು ಒಬ್ಬ ಹೆಂಗಸು ನಿಂತು ಮಾಡುತ್ತಿರುತ್ತಾಳೆ. ಅವಳ ಸೊಂಟ ಹಿಡಿದುಕೊಂಡರೆ ಯಾವ ಅಂಗಡಿಯಲ್ಲಿ ಬಿಡಿಭಾಗ ಸಿಗುತ್ತದೆ?

ಅಬ್ಬಿನೀರು ಅವರೇ, ತಮ್ಮ ಏನೆಂದರು, ಅಪ್ಪ ಏನೆಂದರು ಎಂದು ವಿವರವಾಗಿ ಬರೆದಿದ್ದೀರಿ. ಆ ಮನೆಯಲ್ಲಿ ಬಟ್ಟೆ ಒಗೆಯುವವರು ಯಾರು? ಅಮ್ಮನೇ ಆಗಿದ್ದರೆ, ನಿಮಗೆ ಸರಿ ಕಂಡದ್ದನ್ನು ತನ್ನಿ ಎಂಬ ಮಾತನ್ನು ಉತ್ತರವೆಂದು ಒಪ್ಪಿಕೊಳ್ಳಬೇಡಿ. ಬಟ್ಟೆ ಎತ್ತಿ ಹಾಕುವಾಗ ಎಲ್ಲಿ ನೋಯುತ್ತದೆ ಎಂದು ಕೇಳಿ ನೋಡಿ.

ಬೇರ್‌ಮೆಟಲ್:

ಒಗ್ಗರಣೆ ಅವರ ಪ್ರಶ್ನೆ ಈ ಚರ್ಚೆಗೆ ಬೇಕಾಗಿತ್ತು. ಉಪಕರಣಗಳ ಬೋರ್ಡಿಗೆ ಪ್ರೋಗ್ರಾಂ ಬರೆಯುವುದು ನನ್ನ ಉದ್ಯೋಗ, ಹಾಗಾಗಿ ಒಳಗಿನ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಚಿಪ್ ಬರುವುದಕ್ಕೆ ಮುಂಚೆಯೂ ಪೂರ್ತಿ ಆಟೋಮ್ಯಾಟಿಕ್ ಯಂತ್ರಗಳಿದ್ದವು. ಒಂದು ಪುಟ್ಟ ಮೋಟರ್ ಏಣುಗಳಿರುವ ಚಕ್ರಗಳ ಸಾಲನ್ನು ಬಹಳ ನಿಧಾನವಾಗಿ ತಿರುಗಿಸುತ್ತಿತ್ತು. ಒಂದು ಏಣು ಬಂದಾಗ ನೀರಿನ ವಾಲ್ವ್ ತೆರೆಯುತ್ತಿತ್ತು, ಇನ್ನೊಂದು ಬಂದಾಗ ಒಗೆಯುವ ಮೋಟರ್ ಹೊರಡುತ್ತಿತ್ತು. ಕರೆಂಟ್ ಹೋದರೆ ಚಕ್ರ ಇದ್ದಲ್ಲೇ ನಿಲ್ಲುತ್ತಿತ್ತು, ಬಂದಾಗ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಎಲ್ಲಿಯವರೆಗೆ ಒಗೆದಾಗಿದೆ ಎಂಬುದಕ್ಕೆ ಚಕ್ರ ನಿಂತ ಜಾಗವೇ ನೆನಪು. ನೀರಿನ ಮಟ್ಟ ತಿಳಿಯುವ ಉಪಾಯವೂ ಅಷ್ಟೇ ಸೊಗಸಾದದ್ದು. ತೊಟ್ಟಿಯ ತಳದಿಂದ ಒಂದು ತೆಳು ನಳಿಕೆ ಮೇಲಕ್ಕೆ ಹೋಗಿರುತ್ತದೆ. ನೀರು ಏರಿದಂತೆ ಅದರೊಳಗೆ ಸಿಕ್ಕಿಬಿದ್ದ ಗಾಳಿ ಒತ್ತಿಕೊಂಡು ಮೇಲಿನ ಸ್ವಿಚ್ಚಿನ ಪೊರೆಯನ್ನು ತಳ್ಳುತ್ತದೆ. ಇಂದಿನ ಯಂತ್ರಗಳಲ್ಲೂ ಆ ನಳಿಕೆ ಇದೆ, ತುದಿಯಲ್ಲಿ ಸ್ವಿಚ್ಚಿನ ಬದಲು ಸೆನ್ಸರ್ ಬಂದಿದೆ.

ಚಕ್ರಗಳು ಹೋಗಿ ಬೋರ್ಡ್ ಬಂದದ್ದಕ್ಕೆ ಗ್ರಾಹಕರ ಅನುಕೂಲ ಒಂದೇ ಕಾರಣವಲ್ಲ. ಮಾದರಿಗೊಂದರಂತೆ ಚಕ್ರ ಕೊರೆಯಬೇಕಾಗಿತ್ತು, ಈಗ ಒಂದೇ ಬೋರ್ಡಿಗೆ ಬೇರೆ ಬೇರೆ ಪ್ರೋಗ್ರಾಂ ತುಂಬಿ ಹಲವು ಮಾದರಿ ಮಾರಬಹುದು. ಹಾಗೆಂದು ಬೋರ್ಡನ್ನು ನಾನು ತಳ್ಳಿಹಾಕುವುದಿಲ್ಲ. ಬಟ್ಟೆಯ ಭಾರ ನೋಡಿ ನೀರು ಕಡಿಮೆ ಮಾಡುವುದು, ಬಟ್ಟೆ ಒಂದೇ ಕಡೆ ಗುಡ್ಡೆಯಾದರೆ ಸ್ಪಿನ್ ನಿಲ್ಲಿಸಿ ಹರಡಿಕೊಳ್ಳುವುದು, ಇವು ನಿಜವಾಗಿ ಉಪಯೋಗಕ್ಕೆ ಬರುವ ಕೆಲಸಗಳು. ಬೋರ್ಡ್ ಬೇರೆ, ವೈಫೈ ಬೇರೆ, ವೈಫೈನ ಆ ತುದಿಯಲ್ಲಿರುವ ಸರ್ವರ್ ಎಂಬ ಕಂಪ್ಯೂಟರ್ ಬೇರೆ ಎಂದು ಬಿಡಿಸಿ ನೋಡಿ. ಬೋರ್ಡ್ ನಿಮ್ಮ ಮನೆಯಲ್ಲಿದೆ. ಸರ್ವರ್ ಕಂಪನಿಯ ಬಳಿ ಇದೆ. ಯಂತ್ರವನ್ನು ನೀವು ಒಮ್ಮೆ ಕೊಳ್ಳುತ್ತೀರಿ, ಸರ್ವರಿಗೆ ಅವರು ಪ್ರತಿ ತಿಂಗಳೂ ಖರ್ಚು ಮಾಡಬೇಕು. ಅದು ಎಷ್ಟು ವರ್ಷ ನಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ನಾನು ಕಂಡಿಲ್ಲ.

ಅಂಗಡಿಗೆ ಹೋದಾಗ ಹೀಗೆ ಮಾಡಿ. ವೈಫೈ ಆಫ್ ಮಾಡಿ ಎಲ್ಲ ಕೆಲಸವನ್ನೂ ಯಂತ್ರದ ಮೇಲಿನ ಗುಂಡಿಗಳಿಂದಲೇ ಮಾಡಿ ತೋರಿಸಿ ಎಂದು ಕೇಳಿ. ಕೆಲವು ಪ್ರೋಗ್ರಾಂಗಳು ಮೊಬೈಲ್ ಆ್ಯಪ್ ಮೂಲಕ ಇಳಿಸಿಕೊಂಡರೆ ಮಾತ್ರ ಎಂದರೆ, ನಿಮ್ಮ ಅಂಗಳದ ತುದಿಯ ಸಿಗ್ನಲ್ಲಿಗೆ ಅವು ಇಲ್ಲವೆಂದೇ ಲೆಕ್ಕ ಹಾಕಿ.

ಹಿಮದೂರು:

ಬೇರ್‌ಮೆಟಲ್ ಅವರು ಸರ್ವರ್ ಬಗ್ಗೆ ಹೇಳಿದ್ದು ಅಮೆರಿಕದಲ್ಲಿ ಆಗಿಹೋಗಿದೆ. ಮನೆಯ ದೀಪ, ಬೀಗ ಮುಂತಾದವನ್ನು ಒಂದೇ ಕಡೆಯಿಂದ ನಡೆಸುವ ರಿವಾಲ್ವ್ ಎಂಬ ಪೆಟ್ಟಿಗೆಯನ್ನು ಮಾಡುತ್ತಿದ್ದ ಕಂಪನಿಯನ್ನು ನೆಸ್ಟ್ ಕಂಪನಿ ಕೊಂಡುಕೊಂಡು, 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನೇ ನಿಲ್ಲಿಸಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಆದರೂ ಅಂದಿನಿಂದ ಅದಕ್ಕೆ ಯಾವ ಕೆಲಸವೂ ಉಳಿಯಲಿಲ್ಲ. 2022ರ ಏಪ್ರಿಲ್‌ನಲ್ಲಿ ಇಂಥದ್ದೇ ಉಪಕರಣ ಮಾರುತ್ತಿದ್ದ ಇನ್ಸ್ಟಿಯಾನ್ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯೇ ಇಲ್ಲದೆ ಆರಿಹೋದವು.

ನಾನಿರುವ ಮಿನಿಯಾಪೊಲಿಸ್‌ನಲ್ಲಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದು ಜೀವದ ಪ್ರಶ್ನೆ. ಆಗ ಇದೇ ಊರಿನಲ್ಲಿದ್ದ ಹನಿವೆಲ್ ಕಂಪನಿ 1953ರಲ್ಲಿ ಗೋಡೆಗೆ ಹಾಕುವ ದುಂಡನೆಯ ಥರ್ಮೋಸ್ಟಾಟ್, ಅಂದರೆ ಮನೆಯ ಬಿಸಿಯನ್ನು ಹತೋಟಿಯಲ್ಲಿಡುವ ಸ್ವಿಚ್ಚನ್ನು ತಂದಿತು. ಹೆನ್ರಿ ಡ್ರೈಫಸ್ ಎಂಬ ವಿನ್ಯಾಸಕಾರ ರೂಪಿಸಿದ್ದು. ಒಳಗಿರುವುದು ಎರಡು ಲೋಹ ಬೆಸೆದ ಒಂದು ಸುರುಳಿ, ಅದರ ಮೇಲೊಂದು ಪಾದರಸದ ಗಾಜಿನ ಗುಳಿಗೆ. ಚಳಿಗೆ ಸುರುಳಿ ತಿರುಚಿಕೊಂಡಾಗ ಗುಳಿಗೆ ವಾಲುತ್ತದೆ, ಪಾದರಸ ಹರಿದು ತಂತಿಗಳನ್ನು ಕೂಡಿಸುತ್ತದೆ, ಒಲೆ ಹತ್ತುತ್ತದೆ. ಪಾದರಸ ವಿಷ, ಆದ್ದರಿಂದ ಹೊಸದಾಗಿ ಹಾಗೆ ಮಾಡುವುದು ಬೇಡ. ಆದರೆ ಹಳೆಯ ಮನೆಗಳಲ್ಲಿ ಅವು ಇನ್ನೂ ಕೆಲಸ ಮಾಡುತ್ತಿರುವುದನ್ನು ಕಂಡಿದ್ದೇನೆ. 2011 ಮತ್ತು 2012ರ ನೆಸ್ಟ್ ಥರ್ಮೋಸ್ಟಾಟ್‌ಗಳಿಗೆ ಆ ಕಂಪನಿಯ ಒಡೆಯ ಗೂಗಲ್ 2025ರ ಅಕ್ಟೋಬರ್ 25ಕ್ಕೆ ಬೆಂಬಲ ನಿಲ್ಲಿಸಿತು. ಗೋಡೆಯ ಮೇಲೆ ಕೈಯಿಂದ ತಿರುಗಿಸಿದರೆ ಅವು ಈಗಲೂ ನಡೆಯುತ್ತವೆ, ಮೊಬೈಲಿನಿಂದ ಮಾತ್ರ ನಡೆಯುವುದಿಲ್ಲ. ಈ ಒಂದು ವಿಷಯದಲ್ಲಿ ಅವನ್ನು ಮಾಡಿದವರನ್ನು ಮೆಚ್ಚಬೇಕು. ಕೈಯಿಂದ ತಿರುಗಿಸುವ ಉಂಗುರವನ್ನು ಉಳಿಸಿಕೊಂಡಿದ್ದರು.

ಬೆರಳತುದಿ:

ನನಗೆ ದೃಷ್ಟಿ ಇಲ್ಲ. ಈ ಬರಹವನ್ನು ಮೊಬೈಲ್ ಓದಿ ಹೇಳುವುದನ್ನು ಕೇಳಿ ಉತ್ತರಿಸುತ್ತಿದ್ದೇನೆ. ಇಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ.

ತಿರುಗಿಸುವ ಗುಂಡಿ ಎಲ್ಲಿದೆ ಎಂದು ನನಗೆ ತಿಳಿಯುತ್ತದೆ, ಎಷ್ಟು ತಿರುಗಿದೆ ಎಂದೂ ಅದರ ಟಿಕ್ ಟಿಕ್ ಶಬ್ದದಿಂದ ತಿಳಿಯುತ್ತದೆ. ನುಣುಪು ಗಾಜಿನ ಮೇಲಿನ ಟಚ್ ಪ್ಯಾನೆಲ್ ನನ್ನ ಪಾಲಿಗೆ ಬರೀ ಗೋಡೆ. ಹುಡುಕಲು ಬೆರಳಾಡಿಸಿದರೆ ಅದೇ ಒತ್ತಿದಂತಾಗಿ ಏನೋ ಶುರುವಾಗಿಬಿಡುತ್ತದೆ. ಇಂಡಕ್ಷನ್ ಒಲೆಯ ಮೇಲೆ ಅಕ್ಕ ಹಣೆಗಿಡುವ ಬಿಂದಿ ಅಂಟಿಸಿಕೊಟ್ಟಿದ್ದಾಳೆ. ಆನ್ ಮಾಡುವಲ್ಲಿ ಒಂದು, ಹೆಚ್ಚಿಸುವಲ್ಲಿ ಎರಡು. ಒರೆಸುವಾಗ ಅವು ಕಿತ್ತುಬರುತ್ತವೆ, ಮತ್ತೆ ಅಂಟಿಸಬೇಕು.

ಆದರೆ ವೈಫೈ ಇರುವ ವಾಷಿಂಗ್ ಮಷಿನ್ ನನಗೆ ಒಂದು ದೊಡ್ಡ ಉಪಕಾರ ಮಾಡಿತ್ತು. ಪರದೆಯ ಮೇಲೆ ಇನ್ನೆಷ್ಟು ನಿಮಿಷ ಉಳಿದಿದೆ, ಯಾವ ಪ್ರೋಗ್ರಾಂ ನಡೆಯುತ್ತಿದೆ ಎಂಬುದನ್ನು ನನ್ನ ಮೊಬೈಲ್ ಓದಿ ಹೇಳುತ್ತಿತ್ತು. ಯಾರನ್ನೂ ಕರೆಯದೆ ನಾನೇ ಬಟ್ಟೆ ಒಗೆಯುತ್ತಿದ್ದೆ. ಆಮೇಲೆ ಆ್ಯಪ್ ಹೊಸದಾಯಿತು. ಹೊಸ ಚಿತ್ರಗಳಿಗೆ ಹೆಸರು ಬರೆಯುವುದನ್ನು ಬಿಟ್ಟಿದ್ದರಿಂದ ಮೊಬೈಲ್ ಈಗ "ಬಟನ್, ಬಟನ್, ಬಟನ್" ಎಂದಷ್ಟೇ ಹೇಳುತ್ತದೆ. ಕಂಪನಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಗುಂಡಿಯನ್ನು ಯಾರೂ ರಾತ್ರೋರಾತ್ರಿ ಬದಲಿಸಲಾರರು ಎಂಬುದೇ ನನಗೆ ಅದರ ಮೇಲಿರುವ ನಂಬಿಕೆ. ಎರಡೂ ಇರುವ ಯಂತ್ರ ಸಿಕ್ಕರೆ ನಾನು ಎರಡನ್ನೂ ಬಯಸುತ್ತೇನೆ.

ಕಡಲಗಾಳಿ:

ಹಳೆಯದೆಲ್ಲ ಚಿನ್ನ ಎಂಬ ಕಡೆಗೆ ಚರ್ಚೆ ವಾಲಬಾರದೆಂದು ಫ್ಯಾನಿನ ಲೆಕ್ಕ ಕೊಡುತ್ತೇನೆ. ಮಂಗಳೂರಿನ ಸೆಕೆಗೆ ಫ್ಯಾನ್ ದಿನಕ್ಕೆ 12 ಗಂಟೆ ತಿರುಗುವುದು ಸಾಮಾನ್ಯ. ಹಳೆಯ ಮಾದರಿ ಸುಮಾರು 75 ವ್ಯಾಟ್ ತಿನ್ನುತ್ತದೆ, ಅಯಸ್ಕಾಂತದ ಮೋಟರನ್ನು ಎಲೆಕ್ಟ್ರಾನಿಕ್ ಬೋರ್ಡ್ ನಡೆಸುವ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ಒಂದು ಫ್ಯಾನಿಗೆ ದಿನಕ್ಕೆ ಅರ್ಧ ಯೂನಿಟ್‌ಗಿಂತ ಹೆಚ್ಚು ಉಳಿತಾಯ. ಮೂರು ಫ್ಯಾನ್ ಇದ್ದರೆ ತಿಂಗಳಿಗೆ ಸುಮಾರು 49 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಮಾತಲ್ಲ. ವೋಲ್ಟೇಜ್ ಬಿದ್ದಾಗ ಹಳೆಯ ಫ್ಯಾನ್ ತೆವಳುತ್ತದೆ, ಇದು ಅದೇ ವೇಗದಲ್ಲಿ ತಿರುಗುತ್ತದೆ. ಮನೆಯ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯವಾಗಿರುವುದೂ ಇದೇ ಕಾರಣಕ್ಕೆ.

ಸ್ಕ್ರೂಡ್ರೈವರ್:

ಕಡಲಗಾಳಿ ಅವರ ಲೆಕ್ಕ ಸರಿಯಾಗಿದೆ, ನಮ್ಮ ಮನೆಯಲ್ಲೂ ಬಿಎಲ್‌ಡಿಸಿ ಫ್ಯಾನ್ ಇದೆ. ಹಳೆಯ ಫ್ಯಾನ್ ನಿಧಾನವಾದರೆ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಅದು ಯಾವ ಕಂಪನಿಯದಾದರೂ ನಡೆಯುತ್ತದೆ. ಬಿಎಲ್‌ಡಿಸಿ ಬೋರ್ಡ್ ಹೋದರೆ ಅದೇ ಕಂಪನಿಯ ಅದೇ ಬೋರ್ಡ್ ಬೇಕು. ಎಲ್ಲ ಕಂಪನಿಗಳೂ ಒಂದೇ ಅಳತೆಯ ಬೋರ್ಡ್ ಹಾಕಿದರೆ ಈ ಜಗಳವೇ ಇರುವುದಿಲ್ಲ. ಕೆಪಾಸಿಟರಿಗೆ ಸಾಧ್ಯವಾದದ್ದು ಬೋರ್ಡಿಗೆ ಏಕೆ ಸಾಧ್ಯವಿಲ್ಲ?

ಸೀಮೆಸುಣ್ಣ:

ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಸರಳ ಎಂದರೆ ಬುದ್ಧಿ ಕಡಿಮೆ ಎಂಬ ಭಾವನೆ ಕೆಲವರಿಗಿದೆ. ಎಲೆಕ್ಟ್ರಿಕ್ ರೈಸ್ ಕುಕ್ಕರನ್ನು ಒಮ್ಮೆ ತಲೆಕೆಳಗು ಮಾಡಿ ನೋಡಲು ಹೇಳುತ್ತೇನೆ, ಪ್ಲಗ್ ಕಿತ್ತ ಮೇಲೆ.

ಜಪಾನಿನಲ್ಲಿ ತೋಶಿಬಾ ಕಂಪನಿ ಇದನ್ನು 1955ರಲ್ಲಿ ಮಾರುಕಟ್ಟೆಗೆ ತಂದಿತು. ರೂಪಿಸಿದವರು ಯೋಶಿತಾದಾ ಮಿನಾಮಿ. ಅನ್ನ ಬೇಯಿಸಿ ಬೇಯಿಸಿ ಪರೀಕ್ಷಿಸಿದವರು ಅವರ ಪತ್ನಿ ಫುಮಿಕೊ. ಆ ಮೊದಲ ಮಾದರಿಯಲ್ಲಿ ಹೊರಪಾತ್ರೆಗೆ ಅಳೆದು ನೀರು ಹಾಕುತ್ತಿದ್ದರು. ಆ ನೀರು ಪೂರ್ತಿ ಆವಿಯಾದಾಗ ಬಿಸಿ ಒಮ್ಮೆಲೇ ಏರಿ, ಎರಡು ಲೋಹದ ಪಟ್ಟಿ ಬಾಗಿ ಕರೆಂಟ್ ಕಡಿಯುತ್ತಿತ್ತು. ಈಗಿನ ಸಾದಾ ಕುಕ್ಕರಿನಲ್ಲಿ ಹೊರಪಾತ್ರೆಯ ನೀರೂ ಬೇಡ. ನಡುವೆ ಸ್ಪ್ರಿಂಗಿನ ಮೇಲೆ ಕುಳಿತ ಒಂದು ಬಿಲ್ಲೆ ಪಾತ್ರೆಯ ತಳಕ್ಕೆ ಒತ್ತಿಕೊಂಡಿರುತ್ತದೆ. ನೀವು ಸ್ವಿಚ್ ಒತ್ತಿದಾಗ ಕೆಳಗಿನ ಅಯಸ್ಕಾಂತ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಪಾತ್ರೆಯಲ್ಲಿ ನೀರು ಇರುವಷ್ಟು ಹೊತ್ತು ತಳದ ಬಿಸಿ ಕುದಿಯುವ ಮಟ್ಟ ದಾಟುವುದಿಲ್ಲ. ಬೆಂಗಳೂರಿನ ಎತ್ತರದಲ್ಲಿ ಅದು ಸುಮಾರು 97 ಡಿಗ್ರಿ, ಸಮುದ್ರದಂಚಿನಲ್ಲಿ 100. ಅಕ್ಕಿ ನೀರನ್ನೆಲ್ಲ ಹೀರಿದ ಮೇಲೆ ಬಿಸಿ ಏರತೊಡಗುತ್ತದೆ. ಸುಮಾರು 103 ಡಿಗ್ರಿ ಮುಟ್ಟಿದಾಗ ಆ ಬಿಲ್ಲೆ ಅಯಸ್ಕಾಂತಕ್ಕೆ ಅಂಟುವ ಗುಣವನ್ನೇ ಕಳೆದುಕೊಳ್ಳುತ್ತದೆ. ಸ್ಪ್ರಿಂಗ್ ಗೆಲ್ಲುತ್ತದೆ, ಟಕ್ ಎಂದು ಸ್ವಿಚ್ ಬೀಳುತ್ತದೆ. ಅಯಸ್ಕಾಂತಕ್ಕೆ ಅಂಟುವ ವಸ್ತುಗಳು ಒಂದು ನಿರ್ದಿಷ್ಟ ಬಿಸಿಯಲ್ಲಿ ಹೀಗೆ ಗುಣ ಬಿಡುತ್ತವೆ ಎಂದು ಪಿಯರ್ ಕ್ಯೂರಿ 1895ರಲ್ಲಿ ವಿವರವಾಗಿ ತೋರಿಸಿದ್ದರು. ಒಂದು ಲೋಟ ಅಕ್ಕಿಯೋ ನಾಲ್ಕು ಲೋಟವೋ ಎಂದು ಯಾರೂ ಅದಕ್ಕೆ ಹೇಳಬೇಕಾಗಿಲ್ಲ. ನೀರು ಮುಗಿದದ್ದನ್ನು ಅನ್ನವೇ ತಿಳಿಸುತ್ತದೆ. ತರಗತಿಯಲ್ಲಿ ಇದನ್ನು ಬಿಚ್ಚಿ ತೋರಿಸಿದಾಗ, ಉಳಿದ ಪಾಠಕ್ಕೆ ನಿದ್ರಿಸುತ್ತಿದ್ದ ಹುಡುಗರೂ ಮುಂದಿನ ಬೆಂಚಿಗೆ ಬರುತ್ತಿದ್ದರು.

ಸ್ಟುಟ್‌ಗಾರ್ಟ್ ಕನ್ನಡಿಗ:

ಸ್ಕ್ರೂಡ್ರೈವರ್ ಅವರ ಬೋರ್ಡಿನ ಸಂಕಟಕ್ಕೆ ಕಾನೂನಿನ ಮದ್ದು ಇದೆ. ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ವಾಷಿಂಗ್ ಮಷಿನ್ ತಯಾರಕರು ಮಾದರಿ ನಿಂತ ಮೇಲೂ ಕನಿಷ್ಠ 10 ವರ್ಷ ಮುಖ್ಯ ಬಿಡಿಭಾಗಗಳನ್ನು ಒದಗಿಸಬೇಕು, ಬೋರ್ಡ್ ಕೂಡ ಅದರಲ್ಲಿ ಸೇರಿದೆ. ಫ್ರಾನ್ಸಿನಲ್ಲಿ ಅದೇ ವರ್ಷದಿಂದ ಕೆಲವು ಉಪಕರಣಗಳಿಗೆ ರಿಪೇರಿ ಎಷ್ಟು ಸುಲಭ ಎಂದು ಹತ್ತಕ್ಕೆ ಅಂಕ ಕೊಟ್ಟು ಬೆಲೆಯ ಪಕ್ಕದಲ್ಲೇ ಹಾಕಬೇಕು. ಭಾರತದಲ್ಲಿ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಜಾಲತಾಣ ಆರಂಭವಾಗಿದೆ, ಗೃಹೋಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಬಿಡಿಭಾಗ ಇಷ್ಟು ವರ್ಷ ಸಿಗಲೇಬೇಕು ಎಂಬ ಕಟ್ಟುಪಾಡು ಬಾರದೆ ನಿಮ್ಮ ಊರಿನ ಅಂಗಡಿಯವರಿಗೆ ಬಲ ಬರುವುದಿಲ್ಲ. ಇದಕ್ಕಾಗಿ ನಾವು ಗಟ್ಟಿಯಾಗಿಯೇ ಕೇಳಬೇಕು.

ಅಬ್ಬಿನೀರು:

ಎಲ್ಲರಿಗೂ ವಂದನೆಗಳು. ಒಗ್ಗರಣೆ ಅವರು ಹೇಳಿದಂತೆ ಅಮ್ಮನನ್ನು ಬಿಡಿಸಿ ಕೇಳಿದೆ. ಒದ್ದೆ ಬಟ್ಟೆ ಎತ್ತಿ ಹಾಕಿದ ದಿನ ರಾತ್ರಿ ಬಲಭುಜ ಹಿಡಿದುಕೊಳ್ಳುತ್ತದಂತೆ. ಹೊದಿಕೆಗಳನ್ನು ಕಲ್ಲಿನ ಮೇಲೆ ಅಪ್ಪನೇ ಒಗೆಯುತ್ತಿದ್ದಾರೆ ಎಂಬುದೂ ಈಗ ತಿಳಿಯಿತು. ಹಾಗಾಗಿ ಸೆಮಿ ಆಟೋಮ್ಯಾಟಿಕ್ ಬೇಡ ಎಂದು ಎಲ್ಲರೂ ಒಪ್ಪಿದ್ದೇವೆ. ಮೇಲಿನಿಂದ ಬಟ್ಟೆ ಹಾಕುವ ಪೂರ್ತಿ ಆಟೋಮ್ಯಾಟಿಕ್, ವೈಫೈ ಇಲ್ಲದ್ದು, ಒತ್ತಿದರೆ ಬೆರಳಿಗೆ ತಿಳಿಯುವ ಗುಂಡಿಗಳಿರುವುದು. ತಮ್ಮ ಸ್ವಲ್ಪ ಗೊಣಗಿದ, ಸಿಗ್ನಲ್ ನೆನಪಿಸಿದ ಮೇಲೆ ಸುಮ್ಮನಾದ. ಅಬ್ಬಿಯ ನೀರಿಗೆ ಇದು ಹೊಂದುತ್ತದೆಯೇ ಎಂಬ ಒಂದೇ ಅನುಮಾನ ಉಳಿದಿದೆ.

ಸ್ಕ್ರೂಡ್ರೈವರ್:

ಒಳ್ಳೆಯ ಪ್ರಶ್ನೆ ಕೇಳಿದಿರಿ, ಮಲೆನಾಡಿನಲ್ಲಿ ಹಲವರು ಎಡವುವುದು ಇಲ್ಲೇ. ಪೂರ್ತಿ ಆಟೋಮ್ಯಾಟಿಕ್‌ನ ನೀರಿನ ವಾಲ್ವ್ ಸರಿಯಾಗಿ ಕೆಲಸ ಮಾಡಲು ಹಿಂದಿನಿಂದ ನೀರಿನ ಒತ್ತಡ ಬೇಕು. ಒತ್ತಡ ಸಾಲದಿದ್ದರೆ ಯಂತ್ರ ಕಾದು ಕಾದು ದೋಷ ತೋರಿಸಿ ನಿಲ್ಲುತ್ತದೆ, ಯಂತ್ರವೇ ಕೆಟ್ಟಿದೆ ಎಂದು ಮನೆಯವರು ತಿಳಿಯುತ್ತಾರೆ. ಸಾಮಾನ್ಯವಾಗಿ ಯಂತ್ರಕ್ಕೆ ನೀರು ಬರುವ ಮೇಲಿನ ತೊಟ್ಟಿಯ ನೀರು ವಾಲ್ವಿಗಿಂತ 3 ಮೀಟರ್ ಆದರೂ ಮೇಲಿರಬೇಕು. ಕೊಳ್ಳುವ ಮಾದರಿಯ ಕೈಪಿಡಿಯಲ್ಲಿ ಕನಿಷ್ಠ ಒತ್ತಡ ಬರೆದಿರುತ್ತದೆ, ನೋಡಿಕೊಳ್ಳಿ. ಅಬ್ಬಿಯ ಪೈಪನ್ನು ನೇರವಾಗಿ ಜೋಡಿಸಬೇಡಿ, ಮರಳು ಮತ್ತು ಕೊಳೆತ ಎಲೆಯ ಚೂರು ಬಂದು ವಾಲ್ವಿನ ಬಾಯಿಯ ಜಾಲರಿ ಕಟ್ಟಿಕೊಳ್ಳುತ್ತದೆ. ಎತ್ತರದ ತೊಟ್ಟಿಯಲ್ಲಿ ನೀರು ತಿಳಿಯಾಗಲು ಬಿಟ್ಟು ಅಲ್ಲಿಂದ ತನ್ನಿ, ನಡುವೆ ಒಂದು ಫಿಲ್ಟರ್ ಹಾಕಿ. ಪೈಪ್ ಬಿಚ್ಚಿ ಆ ಜಾಲರಿ ತೊಳೆಯುವುದನ್ನು ಅಪ್ಪನಿಗೆ ಮೊದಲ ದಿನವೇ ತೋರಿಸಿಕೊಡಿ, ಇಕ್ಕಳ ಒಂದಿದ್ದರೆ ಸಾಕು.

ಯಂತ್ರ ಬರುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಬಚ್ಚಲಿನ ಪ್ಲಗ್ಗಿನ ಅರ್ಥಿಂಗ್ ಪರೀಕ್ಷಿಸಿ, ಸಿಡಿಲಿನಿಂದ ಲೈನಿನಲ್ಲಿ ಏರುವ ವೋಲ್ಟೇಜ್ ತಗ್ಗಿಸುವ ಸರ್ಜ್ ಪ್ರೊಟೆಕ್ಟರನ್ನು ಮೀಟರ್ ಬೋರ್ಡಿನಲ್ಲೇ ಹಾಕಿಸಿಬಿಡಿ. ಅಂಗಡಿಯಲ್ಲಿ ಮಾದರಿಯ ಸಂಖ್ಯೆ ಬರೆದುಕೊಂಡು ಶಿವಮೊಗ್ಗದ ಸರ್ವಿಸ್‌ನವರಿಗೆ ಫೋನ್ ಮಾಡಿ, ಇದರ ಬೋರ್ಡ್ ಈಗ ನಿಮ್ಮಲ್ಲಿ ದಾಸ್ತಾನು ಇದೆಯೇ, ಬೆಲೆ ಎಷ್ಟು ಎಂದು ಕೇಳಿದ ಮೇಲೆಯೇ ದುಡ್ಡು ಕೊಡಿ.